ಹಿತ್ತಾಳಿ ಖರ್ಜ

"ಇದಕ್ಕ ಹೊಟ್ಟಿನs ಇಲ್ಲಲ್ರೀ!"

ಮುರ್ತುಜಾ ಬೆರಳ ಗೆಣ್ಣಿನಿಂದ ಆ ವಾದ್ಯದ ಮೈ ಬಡಿದು ನೋಡಿದ. ಎದುರಿಗೆ ಬಡಿದ, ಬೆನ್ನಿಗೆ ಬಡಿದ, ಅಂಚಿಗೂ ಬಡಿದ. ಎಲ್ಲಿ ಬಡಿದರೂ ಊಟದ ಮಣೆ ಬಡಿದ ಹಾಗೆ ದಪ್ ದಪ್ ಅಂತ ಒಂದೇ ಸಪ್ಪಳ. ತಂಬೂರಿಗೆ ಬುರುಡೆ ಇರುತ್ತದೆ, ಹಾರ್ಮೋನಿಯಮ್ಮಿಗೆ ತಿದಿ ಇರುತ್ತದೆ, ತಬಲಾಕ್ಕಂತೂ ಹೊಟ್ಟೆಯೇ ಮೈ. ಅವನ ಅಪ್ಪ ಮಾಶಾಕಸಾಬನ ಕಾಲದಿಂದ ಬೆಟಗೇರಿಯ ಈ ಅಂಗಡಿಗೆ ರಿಪೇರಿಗೆ ಬಂದ ವಾದ್ಯಗಳಲ್ಲಿ ಹೊಟ್ಟೆ ಇಲ್ಲದ್ದು ಒಂದೂ ಇರಲಿಲ್ಲ.

"ಇದರ ಹೊಟ್ಟಿ ಕರೆಂಟಿನ್ಯಾಗ ಅದ, ಮಿಸ್ತ್ರಿ," ಎಂದ ತಂದವನು. "ವೈರ್ ಹಚ್ಚಿ ಸ್ಪೀಕರ್ ಡಬ್ಬಿಗೆ ಕೊಟ್ಟರ ಮಾತಾಡ್ತದ. ಇಲ್ಲಂದ್ರ ಮೂಕ. ಇದಕ್ಕ ಬೇಸ್ ಗಿಟಾರ್ ಅಂತಾರ."

ತಂದವನು ಮಾರ್ತಾಂಡರಾವ್. ಗದಗಿನ ನೀರಾವರಿ ಕಚೇರಿಯಲ್ಲಿ ಕಾರಕೂನ, ಮನೆ ವೀರನಾರಾಯಣ ಗುಡಿಯ ಓಣಿಯಲ್ಲಿ. ನಲವತ್ತು ದಾಟಿದ ಮನುಷ್ಯ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಇಂಥವನ ಹೆಗಲಿಗೆ ಗಿಟಾರು ಅಂದರೆ ಯಾರಿಗಾದರೂ ನಗು ಬರಬೇಕು. ಅವನು ಅದನ್ನು ಹಳೇ ಜಮಖಾನದಲ್ಲಿ ಸುತ್ತಿ, ಎರಡು ತುಂಡು ಮಾಡಿಕೊಂಡು ತಂದಿದ್ದ. ಹಿಂದಿನ ದಿನ ಮುಂಡರಗಿಯಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಹಿರೇವಡ್ಡಟ್ಟಿಯ ಹತ್ತಿರ ಬಸ್ಸಿನ ಮೇಲೆ ಕಟ್ಟಿದ್ದ ಹಗ್ಗ ಬಿಚ್ಚಿ, ವಾದ್ಯ ರಸ್ತೆಗೆ ಬಿದ್ದಿತ್ತು. ಕತ್ತು ಮುರಿದಿತ್ತು. ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಹರಿದಿತ್ತು. ಮೈಗೆ ಮಾತ್ರ ಒಂದು ತರಚು ಗಾಯ ಅಷ್ಟೇ.

"ಹೊಸಾದು ತಗೋಬಾರದ್ರೀ?" ಅಂತ ಮುರ್ತುಜಾ ಸಹಜವಾಗಿ ಕೇಳಿದ.

"ಎಲ್ಲಿಂದ ತರೂದು? ಮುಂಬಯಿಯೊಳಗ ಒಬ್ಬ ಗೋವಾದ ಮುದುಕ ನನಗ ಕೊಟ್ಟದ್ದು ಇದು. ಅಮೆರಿಕಾದ ಒಂದು ಸಣ್ಣ ಕಾರಖಾನಿಯವರು ಎರಡು ವರ್ಷ ಮಾಡಿ, ಕಾರಖಾನಿ ಮುಚ್ಚಿಬಿಟ್ರಂತ. ಇಂಥವು ಜಗತ್ತಿನೊಳಗ ಎಲ್ಲಾ ಸೇರಿ ಮುನ್ನೂರೂ ಇಲ್ಲ ಅಂತಿದ್ದ. ಖರೆನೋ ಸುಳ್ಳೋ ದೇವರಿಗೇ ಗೊತ್ತು." ಮಾರ್ತಾಂಡ ಮುರಿದ ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ. "ಇಪ್ಪತ್ತನೇ ತಾರೀಖಿಗೆ ಲಕ್ಷ್ಮೇಶ್ವರದಾಗ ಒಂದು ಮದುವಿ ಅದ. ಅಷ್ಟರೊಳಗ ಇದು ಆಗಲಿಲ್ಲಂದ್ರ ಹುಬ್ಬಳ್ಳಿಯಿಂದ ಬೇರೆಯವನ್ನ ಕರಸ್ತೀನಿ, ನೀವಿನ್ನ ಆರಾಮ ಮನಿಯಾಗ ಇರ್ರಿ ಅಂದಾನ ಕಳಕಪ್ಪ."

ಕಳಕಪ್ಪ ಗದಗಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಆರ್ಕೆಸ್ಟ್ರಾದ ಮಾಲಕನೂ ಅವನೇ. ಅವನ ಮಾತೆಂದರೆ ಮುಗಿಯಿತು, ಎರಡನೇ ಸಲ ಹೇಳುವ ಅಸಾಮಿ ಅಲ್ಲ.

ಮುರ್ತುಜಾ ಕತ್ತನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಟಿಸಿದರೆ ನಿಲ್ಲುವುದಿಲ್ಲ. ಹೊಸ ಕತ್ತೇ ಕೆತ್ತಬೇಕು. "ಆಗತೈತ್ರಿ. ಬಿಟ್ಟ ಹೋಗ್ರಿ," ಎಂದ. ಗಿರಣಿಗೆ ಜೋಳ ಬಿಟ್ಟು ಹೋಗುವ ಹಾಗೆ ಜನ ಇಲ್ಲಿ ವಾದ್ಯ ಬಿಟ್ಟು ಹೋಗುತ್ತಾರೆ, ಆದಾಗ ಬಂದು ಒಯ್ಯುತ್ತಾರೆ. ಕೂಡುವವರು ಯಾರೂ ಇಲ್ಲ. ಆದರೆ ಮಾರ್ತಾಂಡ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು, ನಾಚಿಕೊಂಡು ಕೇಳಿದ: "ನಾ ದಿನಾ ಸಂಜಿಗೆ ಬಂದು ಇಲ್ಲೇ ಕೂತು ನೋಡಿದ್ರ ನಡೀತದೇನು? ನಿಮಗ ತ್ರಾಸ ಕೊಡೂದಿಲ್ಲ. ಇದನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸ ಆಗವಲ್ದು."

ಅಂಗಡಿಯಲ್ಲಿ ಎರಡು ಸ್ಟೂಲುಗಳಿದ್ದವು. ಒಂದು ಮುರ್ತುಜಾನದು. ಇನ್ನೊಂದರ ಮೇಲೆ ಅಂಟಿನ ಡಬ್ಬಿ, ಹಳೇ ಬೀಗ, ಕಾಗದದ ಕಟ್ಟು, ಏನೆಲ್ಲ ಪೇರಿಸಿದ್ದ. ನಾಲ್ಕು ವರ್ಷದ ಧೂಳು. ಅದು ಅವನ ಹೆಂಡತಿ ಗುಲಾಬಬಿ ಕೂಡುತ್ತಿದ್ದ ಸ್ಟೂಲು. ಕಾಮಾಲೆ ಆಗಿ ಎಂಟೇ ದಿನದಲ್ಲಿ ಹೋಗಿಬಿಟ್ಟಿದ್ದಳು. ಮಕ್ಕಳಿರಲಿಲ್ಲ. ಮುರ್ತುಜಾ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಹೆಗಲ ಮೇಲಿನ ವಸ್ತ್ರದಿಂದ ಧೂಳು ಒರೆಸಿ, "ಕುಂಡ್ರಿ ರಾಯರ," ಎಂದ.

ಆ ದಿನ ಭಾನುವಾರ, ಎಪ್ಪತ್ತೊಂಬತ್ತನೇ ಇಸವಿಯ ಮೇ ಆರನೇ ತಾರೀಖು.

ಮರುದಿನದಿಂದ ಮಾರ್ತಾಂಡ ಐದೂವರೆಗೆ ಕಚೇರಿ ಬಿಟ್ಟವನೇ ಸೈಕಲ್ ತುಳಿದುಕೊಂಡು ರೇಲ್ವೆ ಗೇಟು ದಾಟಿ ಬರುತ್ತಿದ್ದ. ಓಣಿಯ ನೇಕಾರರ ಮಗ್ಗಗಳು ಖಟಕ್ ಖಟಕ್ ಅನ್ನುತ್ತಿರುತ್ತಿದ್ದವು. ಅವು ನಿಂತಾಗ ಅವನು ಎದ್ದು ಮನೆಗೆ ಹೋಗುತ್ತಿದ್ದ. ನಡುವಿನ ಎರಡು ತಾಸು ಇಬ್ಬರೂ ಆ ಮೂಕ ವಾದ್ಯದ ಸುತ್ತ ಕೂಡುತ್ತಿದ್ದರು.

ಮೊದಲ ಸಂಜೆ ಕತ್ತಿನ ಬುಡವನ್ನು ಬಿಚ್ಚಿದರು. ಮೈಗೂ ಕತ್ತಿಗೂ ಅಂಟೇ ಇರಲಿಲ್ಲ, ನಾಲ್ಕು ಸ್ಕ್ರೂ ಅಷ್ಟೇ. "ಎಂಥಾ ಧೈರ್ಯಾರೀ ಇವರದು! ನಾಕು ಸ್ಕ್ರೂದ ಮ್ಯಾಲ ಇಡೀ ಜೀವ," ಎಂದು ಮುರ್ತುಜಾ ಬೆರಗಾದ. ಕತ್ತಿನ ಒಳಗೆ ಉದ್ದಕ್ಕೆ ಒಂದು ಕಬ್ಬಿಣದ ಸರಳು. ತಂತಿಗಳ ಬಿಗಿಗೆ ಕತ್ತು ಬಾಗದಿರಲೆಂದು. ತಂತಿಗಳ ಕೆಳಗೆ ಮೈಯಲ್ಲಿ ಒಂದು ಕರಿ ಪಟ್ಟಿ, ಅದರೊಳಗೆ ನಾಲ್ಕು ಕಬ್ಬಿಣದ ಗುಂಡಿ, ಗುಂಡಿಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು. ತಂತಿ ನಡುಗಿದ್ದನ್ನು ಈ ಪಟ್ಟಿ ಹಿಡಿದು ಡಬ್ಬಿಗೆ ಕಳಿಸುತ್ತದೆ ಅಂತ ಮಾರ್ತಾಂಡ ಹೇಳಿದ. ಹೇಗೆ ಹಿಡಿಯುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ಬಾರಿಸುವುದು ಗೊತ್ತಿತ್ತು, ಸಾಕಾಗಿತ್ತು.

ಕತ್ತಿನ ಬುಡದಲ್ಲಿ, ಮೈಯೊಳಗೆ ಹುದುಗಿ ಯಾರಿಗೂ ಕಾಣದ ಜಾಗದಲ್ಲಿ, ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮಾರ್ತಾಂಡ ದೀಪದ ಹತ್ತಿರ ಹಿಡಿದು ಓದಿದ. "ಹೆಲೆನ್. ಒಂಬತ್ತು, ಹನ್ನೆರಡು, ಅರವತ್ತೊಂದು."

"ಹೆಣ್ಣಮಗಳ?"

"ಹೌದು. ಮಾಡಿ ಮುಗಿಸಿದಾಕಿ ಹೆಸರು, ಮುಗಿಸಿದ ದಿವಸ. ಅಲ್ಲಿ ಹಂಗ ಬರೀತಾರಂತ."

ಮುರ್ತುಜಾ ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. ಸಮುದ್ರದ ಆಚೆ ಯಾವಳೋ ಹೆಣ್ಣುಮಗಳು, ಯಾರೂ ನೋಡದ ಜಾಗದಲ್ಲಿ, ಒಂದು ಸುಳ್ಳಿಲ್ಲದ ತಾರೀಖು ಬರೆದಿಟ್ಟಿದ್ದಾಳೆ. ಅವನಿಗೆ ಅದು ಬಹಳ ಹಿಡಿಸಿತು. "ನಾನೂ ಹೊಸಾ ಕತ್ತಿನ ಮ್ಯಾಲ ಬರೀತೇನ್ರಿ," ಎಂದ.

ಕತ್ತಿಗೆ ಅವನು ತೆಗೆದದ್ದು ಹಳೇ ಸಾಗವಾನಿ ತುಂಡು. ತಂಬೂರಿಯ ದಂಡಿಗೆಂದು ಅಪ್ಪ ಅಟ್ಟದಲ್ಲಿ ಇಟ್ಟಿದ್ದದ್ದು, ಇಪ್ಪತ್ತು ವರ್ಷ ಒಣಗಿದ್ದದ್ದು. ಮುರಿದ ಕತ್ತನ್ನು ಪಕ್ಕಕ್ಕಿಟ್ಟುಕೊಂಡು ಅಳತೆ ಹಿಡಿದು ಕೆತ್ತಿದ. ಬೆರಳೊತ್ತುವ ಕಡೆ ಅಡ್ಡಕ್ಕೆ ಕೂಡಿಸಿದ್ದ ಅದರ ಲೋಹದ ಪರ್ದೆಗಳನ್ನು ಒಂದೊಂದಾಗಿ ಕಿತ್ತು ಹೊಸದರಲ್ಲಿ ಕೂಡಿಸಿದ. ಸರಳನ್ನು ಒಳಗಿಟ್ಟು ಮೇಲೆ ಪಟ್ಟಿ ಅಂಟಿಸಿ ಹಗ್ಗ ಬಿಗಿದ. ಮಾರ್ತಾಂಡ ದೀಪ ಹಿಡಿಯುತ್ತಿದ್ದ, ಹೊಟ್ಟು ಊದುತ್ತಿದ್ದ, ಮಾತಾಡುತ್ತಿದ್ದ. ಯಪ್ಪಾ, ಏನು ಮಾತು! ಮುಂಬಯಿಯ ಚಾಳು, ಗೋವಾದ ಮುದುಕನ ಕೆಮ್ಮು, ಕಚೇರಿಯಲ್ಲಿ ಸಾಹೇಬನ ಹಲ್ಲುಸೆಟ್ಟು ಕಡತದೊಳಗೆ ಸಿಕ್ಕಿದ್ದು. ಮುರ್ತುಜಾ ನಗುತ್ತ ನಗುತ್ತ ಉಳಿ ಕೆಳಗಿಡಬೇಕಾಗುತ್ತಿತ್ತು. ತನ್ನ ನಗೆ ತನಗೇ ಹೊಸದಾಗಿ ಕೇಳುತ್ತಿತ್ತು ಅವನಿಗೆ. ಮೂರನೇ ದಿನಕ್ಕೆ ಮಾರ್ತಾಂಡನ ಬಾಯಲ್ಲಿ "ಮಿಸ್ತ್ರಿ" ಹೋಗಿ "ಮುರ್ತುಜಾ" ಆಯಿತು, "ನೀವು" ಹೋಗಿ "ನೀ" ಆಯಿತು.

"ನೋಡು, ಇಪ್ಪತ್ತು ವರ್ಷ ಆತು ಅದs ಖುರ್ಚಿ, ಅದs ಕಡತ," ಎಂದ ಒಂದು ದಿನ ಮಾರ್ತಾಂಡ. "ತಿಂಗಳಿಗೆ ಎರಡ ಸಲ ಇದನ್ನ ಹೆಗಲಿಗೆ ಹಾಕ್ಕೊಂಡಾಗ ಮಾತ್ರ ನಾನೂ ಮನಿಶ್ಯಾ ಅನಸ್ತದ. ಮಜಾ ಅಂದ್ರ, ಇದು ಬಾರಸೂದು ಯಾರಿಗೂ ಕೇಳಸೂದಿಲ್ಲ. ಜನಾ ಹಾಡವರನ್ನ ನೋಡ್ತಾರ. ಇದು ನಿಂತ್ರ ಮಾತ್ರ, ಏನೋ ಹೋತಲ್ಲಾ ಅಂತಾರ. ಏನು ಹೋತು ಅಂತ ಗೊತ್ತಾಗೂದಿಲ್ಲ."

"ನಮ್ಮ ತಂಬೂರಿ ಖರ್ಜ ಇದ್ದಂಗ," ಎಂದ ಮುರ್ತುಜಾ. ಖರ್ಜ ಅಂದರೆ ತಂಬೂರಿಯ ನಾಲ್ಕನೇ ತಂತಿ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು. ಮನೆಯೊಳಗೆ ಗುಲಾಬಬಿ ಇದ್ದಾಗ ಏನು ಸಪ್ಪಳ ಮಾಡುತ್ತಿದ್ದಳು ಅಂತ ಕೇಳಿದರೆ ಅವನಿಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಅದು ನಿಂತದ್ದು ಮಾತ್ರ ನಾಲ್ಕು ವರ್ಷದಿಂದ ಕಿವಿಯಲ್ಲೇ ಇತ್ತು.

ಇನ್ನು ಹರಿದ ತಂತಿ. ಮುಂಬಯಿಗೆ ಬರೆದರೆ ಬರಲಿಕ್ಕೆ ತಿಂಗಳು ಬೇಕು. "ಅದರ ಚಿಂತಿ ಬ್ಯಾಡ್ರಿ, ನಾನs ಸುತ್ತತೇನಿ," ಎಂದ ಮುರ್ತುಜಾ. ತಂಬೂರಿಯ ದಪ್ಪ ತಂತಿಗಳನ್ನು ಅವನು ಮನೆಯಲ್ಲೇ ಮಾಡುತ್ತಿದ್ದ. ಒಂದು ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದು, ನೇಕಾರರ ರಾಟೆಯಿಂದ ತಿರುಗಿಸುತ್ತ, ಅದರ ಮೇಲೆ ಸಣ್ಣ ಎಳೆಯನ್ನು ಒತ್ತೊತ್ತಾಗಿ ಸುತ್ತುವುದು. ಇದಕ್ಕೆ ಇಬ್ಬರು ಬೇಕು. ಒಂದು ತುದಿ ಹಿಡಿಯಲಿಕ್ಕೆ ಗುಲಾಬಬಿ ಇದ್ದಳು. ಅವಳು ಹೋದ ಮೇಲೆ ಅವನು ಆ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದ. ಕಿಟಕಿಗೆ ಬಿಗಿ ತಿಳಿಯುವುದಿಲ್ಲ. ಎಷ್ಟೋ ತಂತಿಗಳು ಅರ್ಧಕ್ಕೇ ತುಂಡಾಗಿದ್ದವು.

ಆ ಶನಿವಾರ ಸಂಜೆ ಮಾರ್ತಾಂಡ ತುದಿ ಹಿಡಿದ.

"ಉಳದ ಮೂರೂ ತಂತಿ ಉಕ್ಕಿನವು ಇದ್ದಂಗ ಅವ," ಎಂದ ಅವನು. "ಇದು ಹಿತ್ತಾಳಿ ನಡೀತದೇನು?"

"ರಾಯರ, ಖರ್ಜಕ್ಕ ಹಿತ್ತಾಳಿನs ಬೇಕು. ನಮ್ಮಪ್ಪನ ಮಾತು ಐತಿ: ಉಕ್ಕು ಒದರತೈತಿ, ಹಿತ್ತಾಳಿ ಮಾತಾಡತೈತಿ. ಮೂರು ಉಕ್ಕು, ಒಂದು ಹಿತ್ತಾಳಿ. ಯಾವ ತಂಬೂರಿನಾರ ನೋಡ್ರಿ."

ಅದಕ್ಕೆ ಮಾರ್ತಾಂಡ ಎದುರಾಡಲಿಲ್ಲ. ಎರಡು ತಲೆಮಾರಿನ ಕಸಬಿನ ಎದುರಿಗೆ ಕಾರಕೂನ ಏನು ಹೇಳಬೇಕು? ಹಿತ್ತಾಳೆಯ ಮೇಲೆ ಹಿತ್ತಾಳೆ ಸುತ್ತಿಕೊಳ್ಳುತ್ತ ಹೋಯಿತು. ರಾಟೆ ತಿರುಗಿದಂತೆಲ್ಲ ತಂತಿಯ ನಡುಕ ಒಬ್ಬನ ಬೆರಳಿನಿಂದ ಇನ್ನೊಬ್ಬನ ಬೆರಳಿಗೆ ಹೋಗುತ್ತಿತ್ತು. "ಸಡ್ಲ ಬಿಡಬ್ಯಾಡ್ರಿ, ಹಾಂ, ಹಂಗ, ಹಂಗs," ಅನ್ನುತ್ತ ಮುರ್ತುಜಾ ಒಮ್ಮೆಯೂ ನಿಲ್ಲಿಸದೆ ಕಡೇತನಕ ಸುತ್ತಿದ. ನಾಲ್ಕು ವರ್ಷದಲ್ಲಿ ಇಷ್ಟು ನಯವಾದ ತಂತಿ ಅವನ ಕೈಯಿಂದ ಆಗಿರಲಿಲ್ಲ.

ಮಂಗಳವಾರ ಮಧ್ಯಾಹ್ನಕ್ಕೆ ಎಲ್ಲಾ ಮುಗಿಯಿತು. ಮುರ್ತುಜಾ ಕತ್ತಿನ ಬುಡದಲ್ಲಿ ಪೆನ್ಸಿಲಿನಿಂದ "ಮುರ್ತುಜಾ, ಬೆಟಗೇರಿ, 15-5-79" ಅಂತ ಬರೆದು, ನಾಲ್ಕು ಸ್ಕ್ರೂ ಬಿಗಿದು, ತಂತಿ ಏರಿಸಿ, ಗದ್ದವನ್ನು ಕಟ್ಟಿಗೆಗೆ ಆನಿಸಿ ಮೀಟಿದ. ಆ ದನಿ ಹಲ್ಲಿನ ಬೇರಿನಿಂದ ಹಿಡಿದು ಎದೆಯ ತನಕ ಇಳಿಯಿತು. ಅವನಿಗೆ ಖುಷಿಯಾಯಿತು. ಸಂಜೆ ರಾಯರು ಬರುತ್ತಾರೆ, ನೋಡುತ್ತಾರೆ, ಜಮಖಾನದಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಬುಧವಾರ ಐದೂವರೆಗೆ ಯಾರು ಬರುತ್ತಾರೆ?

ಅವನು ತಂತಿಗಳನ್ನು ಇಳಿಸಿದ. ಕತ್ತಿಗೆ ಮತ್ತೆ ಹಗ್ಗ ಬಿಗಿದ.

"ಅಂಟು ಇನ್ನೂ ಹಸೀ ಐತ್ರಿ ರಾಯರ," ಎಂದ ಸಂಜೆಗೆ.

ಮೇ ತಿಂಗಳ ಬಿಸಿಲು. ಒಣಹಾಕಿದ ಪಂಜೆ ಅರ್ಧ ತಾಸಿನಲ್ಲಿ ಹಪ್ಪಳವಾಗುವ ಗದಗಿನ ಗಾಳಿ. ಅಂಥಾದ್ದರಲ್ಲಿ ಅಂಟು ಒಣಗಿಲ್ಲವಂತೆ! ಸಣ್ಣ ಕೂಸೂ ನಂಬದ ಮಾತು. ಮಾರ್ತಾಂಡ ನಂಬಿದ. ಬುಧವಾರವೂ ನಂಬಿದ. ಗುರುವಾರ ಮಾತ್ರ ಸ್ವಲ್ಪ ಚಡಪಡಿಸಿ, "ಒಂದs ಸಲ ಕಳಕಪ್ಪನ ಡಬ್ಬಿಗೆ ಹಚ್ಚಿ ನೋಡಬೇಕಿತ್ತು. ಶುಕ್ರವಾರಕ್ಕ ಅವನ ಸಾಮಾನೆಲ್ಲಾ ಲಕ್ಷ್ಮೇಶ್ವರಕ್ಕ ಹೋಗಿಬಿಡ್ತದ," ಎಂದ.

ಹೇಳಬೇಕಾದದ್ದು ಆಗಲೇ ಹೇಳಬೇಕಿತ್ತು. ಮುರ್ತುಜಾನ ಬಾಯಿ ತನಕ ಬಂದಿತ್ತು. ಆದರೆ ಆ ಹೊತ್ತಿಗೆ ಮಾರ್ತಾಂಡ ಚಹಾದ ಬಸಿ ಮುಂದಕ್ಕೆ ಸರಿಸಿ, "ಇರಲಿ ಬಿಡು, ಅವಸರ ಮಾಡಿ ಕೆಡಿಸಿಕೊಳ್ಳೂದು ಬ್ಯಾಡ. ಎಲ್ಲಿಗೆ ಬಂದಿತ್ತು ಮಾತು? ಹಾಂ, ಆ ಮುದುಕ ಹಡಗಿನೊಳಗ..." ಅಂತ ಶುರು ಮಾಡಿದ. ಮುರ್ತುಜಾ ಕೇಳುತ್ತ ಕೂತ.

ಶನಿವಾರ ಕೊಡದೆ ಗತಿ ಇರಲಿಲ್ಲ. ಮಾರ್ತಾಂಡ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಕತ್ತಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಗೆ ಆಡಿಸಿದ. ಆಮೇಲೆ, "ಮನಿಯೊಳಗ ಡಬ್ಬಿ ಇಲ್ಲಲ್ಲ, ನಾ ಹೆಂಗ ಬಾರಸ್ತಿದ್ದೆ ತೋರಸ್ತೇನಿ ಬಾ," ಎಂದು ಸ್ಟೂಲನ್ನು ಅಂಗಡಿಯ ನಡುಗಂಬದ ಹತ್ತಿರ ಎಳೆದುಕೊಂಡು, ಗಿಟಾರಿನ ತಲೆಯನ್ನು ಕಂಬಕ್ಕೆ ಒತ್ತಿ ಹಿಡಿದ. "ಆ ಕಡೆ ಕಿವಿ ಹಚ್ಚು. ಹಂಗಲ್ಲೋ. ಸ್ವಲ್ಪ ಕೆಳಗ ಹಚ್ಚು. ಅಲ್ಲಿ ಚೊಲೋ ಕೇಳಸ್ತದ."

ಮುರ್ತುಜಾ ಕಂಬದ ಇನ್ನೊಂದು ಬದಿಗೆ ಮೊಣಕಾಲೂರಿ ಕಿವಿ ಹಚ್ಚಿದ. ಇಡೀ ಕಂಬ ಹಾಡುತ್ತಿತ್ತು. ಅದರಲ್ಲೂ ಹಿತ್ತಾಳೆಯ ತಂತಿ ಮೀಟಿದಾಗ ತೊಲೆಗೆ ತೂಗುಹಾಕಿದ್ದ ಹಾರ್ಮೋನಿಯಮ್ಮಿನ ಹಳೇ ರೀಡುಗಳು ಸಣ್ಣಗೆ ಝುಂ ಅಂದವು. ಗ್ವಾಡೆಗೆ ಒರಗಿಸಿದ್ದ ತಂಬೂರಿಯೂ ತಾನಾಗಿಯೇ ಓ ಅಂದಿತು. "ಖರ್ಜ ನೋಡ್ರಿ ರಾಯರ, ಖರ್ಜ!" ಎಂದ ಮುರ್ತುಜಾ. ಇಬ್ಬರ ಮುಖ ಇಬ್ಬರಿಗೂ ಕಾಣುತ್ತಿರಲಿಲ್ಲ; ನಡುವೆ ಕಂಬ ಇತ್ತು. ಮಗ್ಗಗಳು ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಲಕ್ಷ್ಮೇಶ್ವರ. ಅರಿವೆ ವ್ಯಾಪಾರಿಯೊಬ್ಬರ ಮಗಳ ಮದುವೆ. ಮುರ್ತುಜಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡು, ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಮದುವೆ ತನ್ನ ಮನೆಯದೇ ಅನ್ನುವ ಹಾಗೆ ಬಂದವರಿಗೆಲ್ಲ ದಾರಿ ಬಿಡುತ್ತಿದ್ದ.

ಮೊದಲ ಹಾಡು ಶುರುವಾಯಿತು. ಮೂರು ತಂತಿಗಳು ಸ್ಪೀಕರಿನಿಂದ ಗುಡುಗಿದವು. ಮಾರ್ತಾಂಡನ ಹೆಬ್ಬೆರಳು ನಾಲ್ಕನೇ ತಂತಿಗೆ ಹೋಯಿತು. ಸಪ್ಪಳವೇ ಇಲ್ಲ. ನಡೆಯುತ್ತ ನಡೆಯುತ್ತ ಒಂದು ಮೆಟ್ಟಿಲು ಇಲ್ಲದಂತಾಗಿ ಹಾಡುವವಳು ಎಡವಿದಳು, ಮತ್ತೆ ಹಿಡಿದಳು, ಮತ್ತೆ ಎಡವಿದಳು. ಮಾರ್ತಾಂಡ ಜೋರಾಗಿ ಮೀಟಿದ. ವೈರು ಅಲುಗಾಡಿಸಿದ. ಬಗ್ಗಿ ತಂತಿಗೆ ಕಿವಿಗೊಟ್ಟ, ಅವನಿಗೆ ಕೇಳುತ್ತಿತ್ತು. ಊಟಕ್ಕೆ ಕೂತವರು ತಲೆಯೆತ್ತಿ ನೋಡತೊಡಗಿದರು. ಎರಡನೇ ಹಾಡಿನ ನಡುವೆ ಕಳಕಪ್ಪ ಕೈ ಎತ್ತಿ ನಿಲ್ಲಿಸಿಯೇಬಿಟ್ಟ.

ವೇದಿಕೆಯ ಹಿಂದೆ ಕಳಕಪ್ಪ ತನ್ನ ಸಾಮಾನಿನ ಪೆಟ್ಟಿಗೆಯಿಂದ ಒಡೆದ ಸ್ಪೀಕರಿನ ಲೋಹಚುಂಬಕ ತೆಗೆದ. ಒಂದು ತಂತಿಗೆ ತಗಲಿಸಿದ, ಅಂಟಿಕೊಂಡಿತು. ಎರಡನೆಯದಕ್ಕೆ, ಮೂರನೆಯದಕ್ಕೆ, ಅಂಟಿಕೊಂಡಿತು. ನಾಲ್ಕನೆಯದಕ್ಕೆ ತಗಲಿಸಿ ಕೈ ಬಿಟ್ಟ. ಚುಂಬಕ ಜಾರಿ ನೆಲಕ್ಕೆ ಬಿತ್ತು.

"ಹಿತ್ತಾಳಿ!" ಎಂದ ಕಳಕಪ್ಪ. "ಈ ಕರಿ ಪಟ್ಟಿಯೊಳಗಿರೂದು ಲೋಹಚುಂಬಕ ರಾಯರ, ಅದು ಉಕ್ಕಿನ ತಂತಿ ಮಾತ್ರ ಹಿಡೀತೈತಿ. ಹಿತ್ತಾಳಿ ಎಷ್ಟು ಕುಣದ್ರೂ ಅದಕ್ಕ ಗೊತ್ತಾಗಂಗಿಲ್ಲ. ತಂಬೂರಿ ಮಾಡಾವನ ಕೈಯಾಗ ಕೊಟ್ಟು ಬಂದೀರಲ್ಲ, ಏನ್ ಹೇಳಬೇಕ್ರಿ ನಿಮಗ!"

ಡ್ರಮ್ಮಿನವನು ಕಿಸಕ್ಕನೆ ನಕ್ಕ. ಮುರ್ತುಜಾ ಬಿದ್ದ ಚುಂಬಕವನ್ನೇ ನೋಡುತ್ತ ನಿಂತ. ಅಪ್ಪನ ಮಾತು ಅಪ್ಪನ ವಾದ್ಯಗಳಿಗಷ್ಟೇ ಖರೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

"ಅವನ ಮ್ಯಾಲೆ ಹೋಗಬ್ಯಾಡ ಕಳಕಪ್ಪ," ಎಂದ ಮಾರ್ತಾಂಡ. "ಆ ತಂತಿ ತುದಿ ಹಿಡದಾವ ನಾನು. ಅವನ ತಪ್ಪೇನದ? ದಿವಸನs ಇರಲಿಲ್ಲ. ನಿನ್ನೆ ಸಂಜಿತನಕಾ ಮೈ ಮುರದು ದುಡದಾನ. ಎರಡ ದಿವಸ ಮೊದಲ ಮುಗದಿದ್ರ ನಿನ್ನ ಅಂಗಡಿಗೆ ತಂದು ಹಚ್ಚಿ ನೋಡ್ತಿದ್ದೆ, ಆಗs ಗೊತ್ತಾಗ್ತಿತ್ತು."

ಬೈದಿದ್ದರೆ ಮುರ್ತುಜಾ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಿವಿ ಕಾದವು. ಈಗ ಹೇಳು, ಈಗಲೇ ಹೇಳು ಅಂತ ಒಳಗೆ ಯಾರೋ ತಿವಿದರು. ಅವನು ಹೇಳಲಿಲ್ಲ.

"ಮುಂದಿನ ಪ್ರೋಗ್ರಾಮಿಗೆ ಹುಬ್ಬಳ್ಳಿಯವರು ಬರ್ತಾರ್ರಿ," ಎಂದ ಕಳಕಪ್ಪ. ಎರಡನೇ ಸಲ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಗಿಟಾರು ಈ ಸಲ ಬಸ್ಸಿನ ಮೇಲೆ ಹೋಗಲಿಲ್ಲ, ಮಾರ್ತಾಂಡನ ಮೊಣಕಾಲಿನ ನಡುವೆ ನಿಂತಿತ್ತು. ಗದಗು ಬರುವ ತನಕ ಅವನು ಒಂದೇ ಮಾತು ಆಡಿದ. "ಊಟಾ ಮಾಡಿದ್ಯೇನೋ ನೀ?" ಮುರ್ತುಜಾ ಮಾಡಿರಲಿಲ್ಲ. "ಹೂಂ," ಎಂದ.

ಆಮೇಲೆ ಹತ್ತು ದಿನ ಮಾರ್ತಾಂಡನ ಸುಳಿವಿಲ್ಲ. ಮುರ್ತುಜಾ ದಿನಾ ಐದೂವರೆಗೆ ಚಹಾಕ್ಕೆ ನೀರಿಡುತ್ತಿದ್ದ, ಎರಡು ಬಸಿ ತೊಳೆದಿಡುತ್ತಿದ್ದ. ಒಂದು ದಿನ ಹುಬ್ಬಳ್ಳಿಗೆ ಹೋಗಿ, ಇಡೀ ಪೇಟೆ ತಿರುಗಿ, ಗಿಟಾರಿನ ದಪ್ಪ ಉಕ್ಕಿನ ತಂತಿಯೊಂದನ್ನು ಹುಡುಕಿ ತಂದ. ಅದನ್ನು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟ. ರಾಯರ ಮನೆಗೆ ಹೋಗಿ ಕೊಡಬೇಕೆಂದು ಎರಡು ಸಲ ಹೊರಟು, ಗೇಟಿನ ತನಕ ಹೋಗಿ ತಿರುಗಿ ಬಂದ.

ಹನ್ನೊಂದನೇ ದಿನ ಸೈಕಲ್ಲಿನ ಸಪ್ಪಳ ಕೇಳಿತು. ಮಾರ್ತಾಂಡ ಒಳಗೆ ಬಂದ. ಬರಿಗೈ.

"ಕುಂಡ್ರಿ ರಾಯರ! ತಂತಿ ತಂದೇನ್ರಿ, ಉಕ್ಕಿಂದು, ಐದs ಮಿನಿಟಿನ ಕೆಲಸ..."

"ಅದನ್ನ ಕೊಟ್ಟಬಿಟ್ಟೆ," ಎಂದ ಮಾರ್ತಾಂಡ, ನಿಂತುಕೊಂಡೇ. "ಹುಬ್ಬಳ್ಳಿಯಾಂವ ಬಂದಿದ್ದ. ಬಾರಸ್ಲಿಕ್ಕೆ ಆರ್ಕೆಸ್ಟ್ರಾನs ಇಲ್ಲಂದ ಮ್ಯಾಲೆ ಗ್ವಾಡಿಗೆ ತೂಗಹಾಕಿ ಏನ್ ಮಾಡ್ಲಿ? ಅವಗ ನಿನ್ನ ಕೆಲಸ ಬಾಳ ಪಸಂದ ಬಂತು. ಕತ್ತು ಹಿಡದು ನೋಡಿ ನೋಡಿ, ಇದನ್ನ ಗದಗಿನ್ಯಾಗ ಮಾಡ್ಯಾರಂದ್ರ ನಂಬೂದಿಲ್ಲ ಅಂದ. ಅದಕ್ಕ ಸ್ಕ್ರೂ ಬಿಚ್ಚಿ ನಿನ್ನ ಹೆಸರು ತೋರಸೀದೆ."

ಮುರ್ತುಜಾನ ಕೈಯಲ್ಲಿ ಚಹಾದ ಬಸಿ ಇತ್ತು. ಅವನು ಅದನ್ನು ಕೆಳಗಿಟ್ಟ.

"ಹದಿನೈದನೇ ತಾರೀಖು," ಎಂದ ಮಾರ್ತಾಂಡ. "ಮಂಗಳವಾರ."

"ಹೌದ್ರಿ."

"ಮಂಗಳವಾರ ಮುಗದಿತ್ತು."

"ಹೌದ್ರಿ ರಾಯರ."

"ಅಂಟು ಹಸೀ ಇರಲಿಲ್ಲ."

ಮುರ್ತುಜಾ ತಲೆ ಅಲ್ಲಾಡಿಸಿದ. ಮಾರ್ತಾಂಡನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಕಚೇರಿಯಲ್ಲಿ ಯಾವುದೋ ಕಾಗದ ತಾಳೆಯಾಗದೆ ಎರಡೆರಡು ಸಲ ನೋಡುವವನ ಹಾಗಿದ್ದ. "ಯಾಕೋ?" ಎಂದ. "ನಾ ನಿನಗ ಏನ್ ಮಾಡಿದ್ದೆ?"

ಸುಳ್ಳು ಹೇಳಬಹುದಿತ್ತು. ಪಾಲಿಶು ಬಾಕಿ ಇತ್ತು, ಪರ್ದೆ ತಿದ್ದುವುದಿತ್ತು, ಕಸಬುದಾರನಿಗೆ ಸುಳ್ಳಿಗೇನು ಬರ? ಆದರೆ ಮುರ್ತುಜಾನಿಗೆ ಸಾಕಾಗಿತ್ತು.

"ಮುಗದೈತಿ ಅಂದಿದ್ರ ನೀವು ಬರೂದು ನಿಂತ್ ಹೋಗ್ತಿತ್ತಲ್ರೀ," ಎಂದ.

ಓಣಿಯಲ್ಲಿ ಮಗ್ಗಗಳು ಬಡಿಯುತ್ತಲೇ ಇದ್ದವು. ಮಾರ್ತಾಂಡ ತನ್ನ ಸ್ಟೂಲು ಕಂಬದ ಹತ್ತಿರ ಅಂದು ಎಳೆದಿಟ್ಟಲ್ಲೇ ಇರುವುದು ಕಂಡು, ಅದನ್ನು ಎತ್ತಿ ಗ್ವಾಡೆಗೆ ಒತ್ತಿ ಇಟ್ಟ. ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಸೈಕಲ್ಲಿನ ಸಪ್ಪಳ ಗೇಟಿನ ಕಡೆಗೆ ಹೋಗುವಷ್ಟು ಹೊತ್ತೂ ಮುರ್ತುಜಾ ನಿಂತೇ ಇದ್ದ. ಆಮೇಲೆ ಅವನು ಬಹಳ ಅತ್ತ. ಗುಲಾಬಬಿ ಹೋದಾಗ ಸುತ್ತ ಜನ ಇದ್ದರು ಅಂತ ಅಳಲಿಕ್ಕೆ ಆಗಿರಲಿಲ್ಲ. ಅದೂ ಇದರೊಳಗೆ ಸೇರಿತು.

ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಮುರ್ತುಜಾ ತಂತಿಯ ತುದಿಯನ್ನು ಕಿಟಕಿಗೆ ಕಟ್ಟಿಯೇ ಸುತ್ತಿದ. ಎರಡನೇ ಸ್ಟೂಲಿನ ಮೇಲೆ ಮಾತ್ರ ಮತ್ತೆ ಡಬ್ಬಿ ಪೇರಿಸಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಭಜನಾ ಮಂಡಳಿಯೊಂದರ ಹಾರ್ಮೋನಿಯಂ ನೋಡಲೆಂದು ಶಿರಹಟ್ಟಿಗೆ ಹೋಗಿದ್ದ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಾಗ ಇಳಿಹೊತ್ತು. ಶಾಲೆಯೊಂದರ ಬಯಲಿನಲ್ಲಿ ಹಂದರ ಹಾಕಿದ್ದರು, ಆರ್ಕೆಸ್ಟ್ರಾ ನಡೆದಿತ್ತು. ದಾರಿಯ ಮೇಲೆಯೇ ಮುರ್ತುಜಾನ ಕಾಲು ನಿಂತವು. ಹಾಡು ಸರಿಯಾಗಿ ಕೇಳುತ್ತಿರಲಿಲ್ಲ, ಆದರೆ ಅದರ ಕೆಳಗೆ ಇನ್ನೇನೋ ಇತ್ತು, ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಒಳಗೆ ಹೋಗಿ ನೋಡಿದ. ವೇದಿಕೆಯ ಮೂಲೆಯಲ್ಲಿ ತೆಳ್ಳಗಿನ ಒಬ್ಬ ಮನುಷ್ಯ, ಹೆಗಲಿಗೆ ಆ ಗಿಟಾರು. ಸಾಗವಾನಿಯ ಕತ್ತು ದೀಪದಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಾಲ್ಕೂ ತಂತಿಗಳು ಈಗ ಮಾತಾಡುತ್ತಿದ್ದವು.

ಜನರೆಲ್ಲ ಹಾಡುವವಳನ್ನು ನೋಡುತ್ತಿದ್ದರು. ಮುರ್ತುಜಾ ಹಂದರದ ಅಂಚಿನಲ್ಲೇ ಸರಿಯುತ್ತ ವೇದಿಕೆಯ ಬದಿಗೆ ಬಂದ. ವೇದಿಕೆಯ ಹಲಗೆಗಳನ್ನು ಅಲ್ಲೊಂದು ದಪ್ಪ ಸರ್ವೆ ಕಂಬಕ್ಕೆ ಬಡಿದು ಕೂಡಿಸಿದ್ದರು. ಕಂಬದ ಹತ್ತಿರ ಕತ್ತಲೆಗೆ ಮುಖ ಮಾಡಿ ಒಬ್ಬ ನಿಂತಿದ್ದ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಣ್ಣು ಮುಚ್ಚಿ, ಕಂಬಕ್ಕೆ ಕಿವಿ ಹಚ್ಚಿಕೊಂಡಿದ್ದ. ಯಾರಾದರೂ ನೋಡಿದ್ದರೆ ತಲೆನೋವೇನೋ ಪಾಪ, ಅನ್ನುತ್ತಿದ್ದರು.

ಮುರ್ತುಜಾ ಕೂಗಲಿಲ್ಲ. ತಿರುಗಿ ಹೋಗಿಬಿಡಲೇ ಅಂತ ಎರಡು ಹೆಜ್ಜೆ ಹಿಂದಕ್ಕೂ ಇಟ್ಟ. ಆಮೇಲೆ ಕೈಯಲ್ಲಿದ್ದ ಸಾಮಾನಿನ ಚೀಲವನ್ನು ನೆಲಕ್ಕಿಟ್ಟು, ಕಂಬದ ಈ ಬದಿಗೆ ಬಂದು, ಮೆಲ್ಲಗೆ ತಾನೂ ಕಿವಿ ಹಚ್ಚಿದ. ನಡುವೆ ಕಂಬ ಇದ್ದದ್ದರಿಂದ ಆ ಕಡೆಯ ಮುಖ ಕಾಣಲಿಲ್ಲ. ಒಂದು ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ಇನ್ನೊಂದು ಶುರುವಾಯಿತು.

"ಸ್ವಲ್ಪ ಕೆಳಗ ಹಚ್ಚು," ಎಂದಿತು ಆ ಕಡೆಯ ದನಿ.

ಮುರ್ತುಜಾ ಮೊಣಕಾಲೂರಿದ.